ಅಯ್ಯೋ ಗೊತ್ತಿರುವ ಮಕ್ಕಳಿಗೆ ಔಚ್ ಕಲಿಸುವುದು

ಇಂಗ್ಲಿಷ್ ವ್ಯಾಕರಣದ ಇಂಟರ್ಜೆಕ್ಷನ್, ಅಂದರೆ ಉದ್ಗಾರದ ಪದಗಳ ಪಾಠದಲ್ಲಿ ನಿಜಕ್ಕೂ ಕಷ್ಟವಾಗಿರುವುದು ಅದರ ಹೆಸರು. ಏಳೆಂಟು ವರ್ಷದ ಮಕ್ಕಳ ಬಾಯಲ್ಲಿ ಅದು ಸಲೀಸಾಗಿ ಹೊರಳುವುದಿಲ್ಲ. ನನ್ನ ಮೂರನೇ ಕ್ಲಾಸಿನಲ್ಲಿ ಒಬ್ಬ ಪ್ರತಿ ಸಲವೂ 'ಇಂಜೆಕ್ಷನ್' ಎಂದೇ ಹೇಳುತ್ತಿದ್ದ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಯಾಕೆಂದರೆ ಅವನು ಹೇಳಿದ್ದು ಅಷ್ಟೇನೂ ತಪ್ಪಲ್ಲ. ಎರಡೂ ಪದಗಳ ಹೊಟ್ಟೆಯಲ್ಲಿ 'ಎಸೆ' ಎಂಬ ಅರ್ಥದ ಒಂದೇ ಲ್ಯಾಟಿನ್ ಬೇರು ಇದೆ. ಒಳಕ್ಕೆ ಎಸೆದರೆ ಇಂಜೆಕ್ಷನ್, ನಡುವೆ ಎಸೆದರೆ ಇಂಟರ್ಜೆಕ್ಷನ್. ಅದೂ ಅಲ್ಲದೆ ಇಂಜೆಕ್ಷನ್ ಚುಚ್ಚಿದ ಕೂಡಲೇ ಬಾಯಿಂದ ಬರುವುದು ಇಂಟರ್ಜೆಕ್ಷನ್ನೇ ಅಲ್ವಾ?

ಮಾತಿನ ನಡುವೆ ಎಸೆದ ಪದ. ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ. ನಾವು ಮಾತಾಡುತ್ತಿರುತ್ತೇವೆ, ಕಾಲಿಗೆ ಕಲ್ಲು ಎಡವುತ್ತದೆ, ಮಾತಿನ ಮಧ್ಯೆ ಒಂದು 'ಅಯ್ಯೋ' ಬಂದು ಬೀಳುತ್ತದೆ. ವಾಕ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ಕಾಲಿಗೆ.

ಕನ್ನಡ ವ್ಯಾಕರಣದಲ್ಲಿ ಇದನ್ನು ಅವ್ಯಯಗಳ ಗುಂಪಿಗೆ ಸೇರಿಸಿ 'ಭಾವಸೂಚಕಾವ್ಯಯ' ಎನ್ನುತ್ತಾರೆ. ಅವ್ಯಯ ಎಂದರೆ ರೂಪ ಬದಲಾಗದ ಪದ. 'ಮರ' ಎಂಬುದು ಮರಗಳು, ಮರವನ್ನು, ಮರದಿಂದ ಎಂದೆಲ್ಲ ಆಗುತ್ತದೆ. 'ಅಯ್ಯೋ' ಮಾತ್ರ ಎಲ್ಲಿ ಹೋದರೂ ಅಯ್ಯೋನೇ. ಹತ್ತು ಜನ ಒಟ್ಟಿಗೆ ಕಿರುಚಿದರೂ ಅದು 'ಅಯ್ಯೋಗಳು' ಆಗುವುದಿಲ್ಲ. ಇಂಗ್ಲಿಷಿನ ವಾವ್, ಔಚ್, ಊಪ್ಸ್‌ಗಳದ್ದೂ ಇದೇ ಕತೆ.

ಪಾರ್ಟ್ಸ್ ಆಫ್ ಸ್ಪೀಚ್ ಪಟ್ಟಿಯಲ್ಲಿ ಇಂಟರ್ಜೆಕ್ಷನ್ ಯಾವಾಗಲೂ ಎಂಟನೆಯದು, ಕೊನೆಯದು. ಹಳೆಯ ಗ್ರೀಕ್ ವ್ಯಾಕರಣದಲ್ಲೂ ಪದಗಳು ಎಂಟು ಬಗೆ. ಆದರೆ ಅಲ್ಲಿ ಉದ್ಗಾರಕ್ಕೆ ಸ್ವಂತ ಜಾಗ ಇರಲಿಲ್ಲ, ಅದನ್ನು ಕ್ರಿಯಾವಿಶೇಷಣದ ಜೊತೆಗೇ ಕೂರಿಸಿದ್ದರು. ಅದೇ ಲೆಕ್ಕವನ್ನು ರೋಮನ್ನರು ತಮ್ಮ ಲ್ಯಾಟಿನ್‌ಗೆ ತಂದುಕೊಂಡರು. ಲ್ಯಾಟಿನ್‌ನಲ್ಲಿ 'ದಿ' ಥರದ ಆರ್ಟಿಕಲ್ ಇಲ್ಲ. ಒಂದು ಕುರ್ಚಿ ಖಾಲಿಯಾಯಿತು. ಅಲ್ಲಿ ಉದ್ಗಾರ ಬಂದು ಕೂತಿತು, ಲೆಕ್ಕ ಮತ್ತೆ ಎಂಟಾಯಿತು. ಇದನ್ನು ಮಕ್ಕಳಿಗೆ ಹೇಳಬೇಕಿಲ್ಲ, ನಮಗೆ ಗೊತ್ತಿದ್ದರೆ ಸಾಕು. ಪಾಠಪುಸ್ತಕದಲ್ಲಿ ಕೊನೆಗೆ ಬರುವುದರಿಂದ ಪರೀಕ್ಷೆಯ ಹಿಂದಿನ ವಾರ ಗಡಿಬಿಡಿಯಲ್ಲಿ ಮುಗಿಸುವ ಪಾಠ ಇದು. ನನ್ನ ಅನುಭವದಲ್ಲಿ ಮೊದಲು ಕಲಿಸಬೇಕಾದ್ದು ಇದನ್ನೇ. ಮಗು ಬಾಯಿ ಬಿಚ್ಚಿ ಹೇಳಬಹುದಾದ, ಒಂದೇ ಪದದಲ್ಲಿ ಪೂರ್ತಿ ಮುಗಿಯುವ ಇಂಗ್ಲಿಷ್ ಮಾತು ಬೇರೆ ಯಾವುದಿದೆ? 'ಔಚ್' ಎನ್ನುವುದಕ್ಕೆ ಕರ್ತೃ, ಕರ್ಮ, ಕಾಲ ಏನೂ ಬೇಡ.

ಹಾಗಾದರೆ ಕಲಿಸುವುದು ಹೇಗೆ? ಮೊದಲ ವರ್ಷ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ, ಹಾಗೆ ಮಾಡಬೇಡಿ. ಬೋರ್ಡಿನ ಮೇಲೆ ಡೆಫಿನಿಷನ್ ಬರೆದೆ. ಸಡನ್ ಫೀಲಿಂಗ್, ಎಮೋಷನ್, ಎಕ್ಸ್‌ಪ್ರೆಸ್ ಎಂಬ ಪದಗಳೆಲ್ಲ ಅದರಲ್ಲಿದ್ದವು. ಮಕ್ಕಳು ಮುದ್ದಾಗಿ ಬರೆದುಕೊಂಡರು. ಏನು ಅರ್ಥವಾಯಿತು ಎಂದು ಕೇಳಿದರೆ ಇಡೀ ಕ್ಲಾಸು ಗಪ್‌ಚುಪ್. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರದೋ ಸ್ಟೀಲ್ ಡಬ್ಬಿ ಬಿದ್ದು ಅವಲಕ್ಕಿ ಎಲ್ಲ ನೆಲದ ಪಾಲಾಯಿತು. 'ಅಯ್ಯಯ್ಯೋ!' ಎಂದಿತು ಒಂದು ಧ್ವನಿ. 'ಛೇ!' ಎಂದಿತು ಇನ್ನೊಂದು. ಮುಂದಿನ ಸಾಲಿನವನೊಬ್ಬ ತಿರುಗಿ ನೋಡಿ 'ಹೋ!' ಎಂದು ನಕ್ಕ. ಡಬ್ಬಿಯ ಒಡತಿ ಏನೂ ಅನ್ನಲಿಲ್ಲ, ಅವಳ ತುಟಿ ಮಾತ್ರ ನಡುಗುತ್ತಿತ್ತು. ನಾನು ಬೋರ್ಡು ಒರೆಸಿ ಆ ಮೂರು ಪದಗಳನ್ನು ಬರೆದೆ. ಇವುಗಳ ಇಂಗ್ಲಿಷ್ ಅಣ್ಣತಮ್ಮಂದಿರೇ ಈವತ್ತಿನ ಪಾಠ ಎಂದೆ. (ಅವಲಕ್ಕಿಗೆ ಬದಲಾಗಿ ಆ ಹುಡುಗಿಗೆ ಎಲ್ಲರ ಡಬ್ಬಿಯಿಂದಲೂ ಒಂದೊಂದು ತುತ್ತು ಸಿಕ್ಕಿತು.)

ಅಂದಿನಿಂದ ನನ್ನ ಪಾಠ ಕನ್ನಡದಲ್ಲೇ ಶುರುವಾಗುತ್ತದೆ. ಚೀಟಿಗಳ ಮೇಲೆ ಸಂದರ್ಭಗಳನ್ನು ಬರೆದು ಡಬ್ಬಿಗೆ ಹಾಕುತ್ತೇನೆ. ಜಾರಿ ಬಿದ್ದೆ. ಬಿಸಿ ಹಾಲು ನಾಲಿಗೆ ಸುಟ್ಟಿತು. ಊಟದಲ್ಲಿ ಕೂದಲು ಸಿಕ್ಕಿತು. ಬಸ್ಸು ಇನ್ನೇನು ತಪ್ಪಿತು ಅನ್ನುವಷ್ಟರಲ್ಲಿ ನಿಂತಿತು. ಮಗು ಚೀಟಿ ಎತ್ತಿ, ಅಭಿನಯಿಸಿ, ಮೊದಲು ಕನ್ನಡದಲ್ಲಿ ಉದ್ಗಾರ ಹೇಳಬೇಕು. ಇದಕ್ಕೆ ಯಾವ ಮಗುವೂ ತಡವರಿಸುವುದಿಲ್ಲ. ಆಮೇಲೆ ಅದೇ ಜಾಗಕ್ಕೆ ಇಂಗ್ಲಿಷಿನದನ್ನು ಕೂರಿಸುತ್ತೇವೆ. ಭಾವ ಮಗುವಿನದೇ, ಪದ ಮಾತ್ರ ಹೊಸದು.

ಕೂರಿಸುವಾಗ ಒಂದು ಎಚ್ಚರಿಕೆ ಬೇಕು. ಕನ್ನಡದ ಒಂದಕ್ಕೆ ಇಂಗ್ಲಿಷಿನ ಒಂದು ಎಂಬ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ಕೆಟ್ಟಿತು. ನಮ್ಮ 'ಅಬ್ಬಾ'ವನ್ನೇ ನೋಡಿ. ದೊಡ್ಡ ಆನೆ ನೋಡಿದರೆ ಅಬ್ಬಾ, ಅಲ್ಲಿ ಇಂಗ್ಲಿಷಿನವರು ವಾವ್ ಎನ್ನುತ್ತಾರೆ. ಕಳೆದುಹೋದ ಪೆನ್ಸಿಲ್ ಸಿಕ್ಕಿದರೂ ಅಬ್ಬಾ, ಅಲ್ಲಿ ಅವರದು ಫ್ಯೂ. ಪೆನ್ಸಿಲ್ ಸಿಕ್ಕಿದ್ದಕ್ಕೆ ವಾವ್ ಎಂದರೆ ಕೇಳಿದವರು ಅದೇನು ಬಂಗಾರದ ಪೆನ್ಸಿಲ್ಲೋ ಎಂದುಕೊಳ್ಳುತ್ತಾರೆ. ಬಿಸಿಲಲ್ಲಿ ನಡೆದು ಬಂದು ಜಗಲಿಯ ಮೇಲೆ ಕೂತು ಹೇಳುವ 'ಉಸ್ಸಪ್ಪಾ'ಕ್ಕೂ ಫ್ಯೂ ಒಪ್ಪುತ್ತದೆ. ಛೇ ಮತ್ತು ಛೀ ನಡುವೆ ನಮಗೆ ಒಂದೇ ಸ್ವರದ ವ್ಯತ್ಯಾಸ, ಅರ್ಥದಲ್ಲಿ ಮಾತ್ರ ಅಜಗಜಾಂತರ. ಛೇ ಎಂದರೆ ಬೇಸರ, ಓ ನೋ. ಛೀ ಎಂದರೆ ಅಸಹ್ಯ, ಯಕ್ ಅಥವಾ ಈಯೂ. ಮಕ್ಕಳಿಗೆ ಯಕ್ ಎಷ್ಟು ಇಷ್ಟವೆಂದರೆ, ಕಲಿಸಿದ ವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಡುಗೆಯವರ ಮುಂದೆ ನಾನು ಮುಜುಗರಪಡಬೇಕಾಯಿತು. ಚೆನ್ನಾಗಿದ್ದ ಸಾಂಬಾರಿಗೂ ಯಕ್.

ಕೇಳಲು ಒಂದೇ ಥರ, ಅರ್ಥ ಬೇರೆ, ಅಂಥವೂ ಇವೆ. ಅವು ಇನ್ನೂ ಮಜವಾಗಿವೆ. ಕನ್ನಡದ 'ಆಹಾ' ಒಬ್ಬಟ್ಟಿನ ಮುಂದೆ ಹೇಳುವಂಥದ್ದು, ಸವಿಯುವ ಪದ. ಇಂಗ್ಲಿಷಿನ 'ಅಹಾ' ಹೆಚ್ಚಾಗಿ ಏನೋ ಹೊಳೆದಾಗ, ಹುಡುಕಿದ್ದು ಸಿಕ್ಕಾಗ ಬರುವ ಪದ. ಲೆಕ್ಕದ ಉತ್ತರ ಥಟ್ಟನೆ ಹೊಳೆದರೆ ಅಹಾ, ಕಳ್ಳ ಸಿಕ್ಕಿಬಿದ್ದರೆ ಅಹಾ. ಒಬ್ಬಟ್ಟಿಗೆ ಅವರು ಯಮ್ ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಗೊಂದಲ 'ಊಹೂಂ'ನದು. ನಮ್ಮ ಊಹೂಂ ಎಂದರೆ ಇಲ್ಲ, ಆಗಲ್ಲ. ಇಂಗ್ಲಿಷಿನವರು ಗಂಟಲಲ್ಲೇ 'ಅಹಂ' ಎನ್ನುವ ಹಾಗೆ ಒಂದು ಸದ್ದು ಮಾಡುತ್ತಾರೆ, ಅದು ಹೌದು ಎಂಬರ್ಥದ್ದು. ಅದನ್ನು ಯು, ಎಚ್, ಒಂದು ಗೆರೆ, ಎಚ್, ಯು, ಎಚ್ ಎಂದು ಬರೆಯುತ್ತಾರೆ. ಕತೆಪುಸ್ತಕದಲ್ಲಿ ಅದು ಸಿಕ್ಕಾಗ ನಮ್ಮ ಮಕ್ಕಳು 'ಊಹೂಂ' ಎಂದು ಓದಿ ಕತೆಯನ್ನೇ ತಿರುಗಾಮುರುಗಾ ಮಾಡಿಕೊಳ್ಳುತ್ತಾರೆ. ಅಮ್ಮ ಮೊಲ 'ಹಸಿವಾಗಿದೆಯಾ' ಎಂದು ಕೇಳುತ್ತದೆ, ಮರಿ ಮೊಲ ಹೌದು ಎನ್ನುತ್ತದೆ. ನಮ್ಮ ಮಕ್ಕಳ ಲೆಕ್ಕದಲ್ಲಿ ಅದು ಬೇಡ ಎಂದಿತು. ಮುಂದಿನ ಪುಟದಲ್ಲಿ ಮೊಲ ಕ್ಯಾರೆಟ್ ತಿನ್ನುತ್ತಿದ್ದರೆ 'ಮಿಸ್, ಅದು ಬೇಡ ಅಂದಿತ್ತಲ್ಲ' ಎಂದು ಜಗಳಕ್ಕೆ ಬರುತ್ತಾರೆ.

ನೋವಿನ ವಿಷಯದಲ್ಲಿ ಇನ್ನೊಂದು ತಮಾಷೆ. ನಮಗೆ ಪೆಟ್ಟಾದರೆ ನಾವು ಯಾರನ್ನಾದರೂ ಕರೆಯುತ್ತೇವೆ. ಅಮ್ಮಾ, ಅಪ್ಪಾ, ಅಯ್ಯಪ್ಪಾ. ಇಂಗ್ಲಿಷಿನ ಔಚ್‌ನಲ್ಲಿ ಯಾರೂ ಇಲ್ಲ, ಬರೀ ಸದ್ದು. 'ಅವರಿಗೆ ಅಮ್ಮ ಇಲ್ವಾ ಮಿಸ್?' ಎಂದು ಒಬ್ಬಳು ಕೇಳಿದ್ದಳು. ನಾನು ವಾವ್ ಎಂದು ದೊಡ್ಡಕ್ಷರದಲ್ಲಿ ಚೀಟಿಯ ಮೇಲೆ ಬರೆದು ತಲೆಕೆಳಗೆ ಹಿಡಿದೆ. ಡಬ್ಲ್ಯು ಎರಡೂ ಎಮ್ ಆಗಿ ಅದು 'ಮಾಮ್' ಆಯಿತು. ವ್ಯಾಕರಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ, ಆದರೆ ಆ ಚೀಟಿ ಇನ್ನೂ ನಮ್ಮ ಗೋಡೆಯ ಮೇಲಿದೆ.

ಪದ ಗೊತ್ತಾದ ಮೇಲೆ ರಾಗ. ಇದನ್ನು ಪುಸ್ತಕ ಕಲಿಸುವುದಿಲ್ಲ, ಬಾಯೇ ಕಲಿಸಬೇಕು. ಇಂಗ್ಲಿಷಿನ 'ಓ' ಒಂದೇ ಪದ. ಸ್ವರ ಮೇಲಕ್ಕೆ ಹೋದರೆ ಆಶ್ಚರ್ಯ, ಕೆಳಕ್ಕೆ ಇಳಿದರೆ ನಿರಾಸೆ, ಮೇಲೇರಿ ಇಳಿದರೆ 'ಓಹೋ, ಹಾಗಾ ವಿಷಯ' ಎಂದು. ಒಬ್ಬರು ಗೋಡೆ ಕಡೆ ತಿರುಗಿ ನಿಂತು 'ಓ' ಎನ್ನಬೇಕು, ಮುಖ ಕಾಣಬಾರದು. ಉಳಿದವರು ಅದು ಯಾವ ಓ ಎಂದು ಹೇಳಬೇಕು. ಹತ್ತು ನಿಮಿಷದ ಆಟ. ನಾಚಿಕೆಯ ಮಕ್ಕಳಿಗೂ ಇದು ಹೇಳಿ ಮಾಡಿಸಿದಂತಿದೆ, ಯಾಕೆಂದರೆ ಗೋಡೆಗೆ ಮುಖ ಮಾಡಿದವರನ್ನು ಯಾರೂ ನೋಡುವುದಿಲ್ಲ.

ಇನ್ನು ವಾಕ್ಯಕ್ಕೆ ಬರೋಣ. ಬೋರ್ಡಿನ ಮೇಲೆ 'ವಾವ್! ದಿ ಕೈಟ್ ಈಸ್ ಫ್ಲೈಯಿಂಗ್' ಎಂದು ಬರೆಯುತ್ತೇನೆ. ಒಬ್ಬ ಬಂದು ವಾವ್ ಮೇಲೆ ಅಂಗೈ ಮುಚ್ಚಬೇಕು. ಉಳಿದದ್ದನ್ನು ಎಲ್ಲರೂ ಓದುತ್ತಾರೆ. ವಾಕ್ಯ ಗಟ್ಟಿಯಾಗಿಯೇ ಇದೆ. ಈಗ ಕೈಟ್ ಮೇಲೆ ಅಂಗೈ ಮುಚ್ಚಿದರೆ ಏನು ಹಾರುತ್ತಿದೆಯೋ ಗೊತ್ತಾಗುವುದಿಲ್ಲ, ವಾಕ್ಯ ಕುಂಟುತ್ತದೆ. ಮುಚ್ಚಿದರೂ ವಾಕ್ಯ ನಿಲ್ಲುತ್ತದೆ, ಆದರೆ ಹೇಳಿದವರ ಮನಸ್ಸು ಕಾಣೆಯಾಗುತ್ತದೆ ಅಂದರೆ ಅದು ಇಂಟರ್ಜೆಕ್ಷನ್. ನಾವು ಇದನ್ನು ಅಂಗೈ ಪರೀಕ್ಷೆ ಎನ್ನುತ್ತೇವೆ.

ಮನಸ್ಸು ಕಾಣೆಯಾಗುವುದನ್ನು ತೋರಿಸಲು ನನಗೆ ಮಳೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. 'ಇಟ್ ಈಸ್ ರೇನಿಂಗ್.' ಮಳೆ ಬರುತ್ತಿದೆ. ಖುಷಿಯೋ ದುಃಖವೋ ಗೊತ್ತಿಲ್ಲ. ಹಿಂದೆ 'ಯೇ!' ಹಾಕಿದರೆ ಯಾರು ಹೇಳಿದ್ದು? ಮಕ್ಕಳು ಕೂಗುತ್ತಾರೆ, ರಜೆ ಸಿಗುತ್ತದೆ ಎಂದು ಕಾಯುವವರು. 'ಓ ನೋ!' ಹಾಕಿದರೆ? ಮಾಳಿಗೆ ಮೇಲೆ ಸಂಡಿಗೆ ಒಣಹಾಕಿದ ಅಜ್ಜಿ. 'ಫ್ಯೂ!' ಹಾಕಿದರೆ? ಇದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ ಎದ್ದು ನಿಂತು, 'ನಮ್ಮಪ್ಪ. ರಾಗಿ ಬಿತ್ತಿ ಆಗಿತ್ತು, ಮಳೇನೇ ಬಂದಿರಲಿಲ್ಲ' ಎಂದ. ಮೂರು ಪದದ ವಾಕ್ಯ ಅದೇ, ಮನೆಗಳು ಬೇರೆ ಬೇರೆ. ಅವನು ಕೂತ ಮೇಲೆ ನಾನು ಎಂಟು ಹತ್ತು ಸೆಕೆಂಡು ಏನೂ ಹೇಳಲಿಲ್ಲ.

ಓದುವ ವಿಷಯಕ್ಕೆ ಬಂದರೆ ಇಂಟರ್ಜೆಕ್ಷನ್‌ಗಳು ಕಾಗುಣಿತದ ಪುಂಡರು. ಇಂಗ್ಲಿಷ್ ಪದದಲ್ಲಿ ಒಂದಾದರೂ ಸ್ವರಾಕ್ಷರ ಇರಬೇಕು ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಆಮೇಲೆ 'ಶ್', 'ಹ್ಮ್', 'ಬ್ರ್', 'ಪ್ಸ್ಟ್' ಬರುತ್ತವೆ, ಒಂದರಲ್ಲೂ ಸ್ವರವಿಲ್ಲ. ಫ್ಯೂ ಪದವನ್ನು ಅಕ್ಷರ ಕೂಡಿಸಿ 'ಪೆವ್' ಎಂದು ಓದುತ್ತಾರೆ. ಟಿ ಎಸ್ ಕೆ ಎಂದು ಬರೆದದ್ದನ್ನು 'ಟಿಸ್ಕ್' ಎನ್ನುತ್ತಾರೆ. ಅದು ನಮ್ಮ ಅಜ್ಜಿಯರು ಅನುಕಂಪಕ್ಕೆ ಲೊಚಗುಟ್ಟುತ್ತಾರಲ್ಲ, ಆ ಸದ್ದು. ಅದನ್ನು ನಮ್ಮ ಅಕ್ಷರಗಳಲ್ಲೂ ಸರಿಯಾಗಿ ಬರೆಯಲಾಗುವುದಿಲ್ಲ, ಇಂಗ್ಲಿಷಿನವರು ಹೇಗೋ ಮೂರಕ್ಷರ ಜೋಡಿಸಿಟ್ಟಿದ್ದಾರೆ. ಹಾಗಾಗಿ ಇವುಗಳ ಮಟ್ಟಿಗೆ ಮೊದಲು ಸದ್ದು, ಆಮೇಲೆ ಸ್ಪೆಲ್ಲಿಂಗ್. ಡಿಕ್ಟೇಷನ್ ಕೊಡಲೇಬೇಡಿ.

'!' ಚಿಹ್ನೆಯ ವಿಚಾರದಲ್ಲಿ ನಮ್ಮ ಕನ್ನಡದ ಹೆಸರೇ ದಾರಿ ತಪ್ಪಿಸುತ್ತದೆ. 'ಆಶ್ಚರ್ಯಸೂಚಕ' ಎಂದು ಕಲಿಸಿದ್ದರಿಂದ ಮಕ್ಕಳು ಆಶ್ಚರ್ಯಕ್ಕೆ ಮಾತ್ರ ಅದನ್ನು ಹಾಕುತ್ತಾರೆ, ನೋವಿಗೆ ಹಾಕುವುದಿಲ್ಲ. 'ಭಾವಸೂಚಕ' ಎಂಬ ಹೆಸರು ವಾಸಿ. ಜೋರಾಗಿ ಬಂದರೆ ಕೋಲು-ಚುಕ್ಕಿ, ಮುಂದಿನ ಪದ ದೊಡ್ಡಕ್ಷರದಲ್ಲಿ ಶುರು. ಮೆಲ್ಲಗೆ ಬಂದರೆ ಕಾಮಾ ಸಾಕು, ಮುಂದಿನ ಪದ ಸಣ್ಣಕ್ಷರ: 'ಓ, ದಿಸ್ ಈಸ್ ಯುವರ್ ಬ್ಯಾಗ್.' ಎರಡನೇ ಕ್ಲಾಸಿಗೆ ಇಷ್ಟೇ ಸಾಕು. ಮೂರು ಕೋಲು ಒಟ್ಟಿಗೆ ಹಾಕುವವರು ಇದ್ದೇ ಇರುತ್ತಾರೆ. ಒಂದು ಸಾಲದಾ ಎಂದರೆ 'ಜಾಸ್ತಿ ನೋವಾಗಿದೆ ಮಿಸ್' ಎನ್ನುತ್ತಾರೆ. ವಾಟ್ಸಾಪ್‌ನಲ್ಲಿ ದೊಡ್ಡವರು ಹಾಕುವುದನ್ನು ನೋಡಿದ ಮಕ್ಕಳಿಗೆ ನಾವು ಯಾವ ಮುಖದಿಂದ ಹೇಳುವುದು?

ಮೇಷ್ಟ್ರುಗಳೂ ಎಡವುವ ಜಾಗ ಒಂದಿದೆ. ಕೋಲು-ಚುಕ್ಕಿ ಕಂಡದ್ದೆಲ್ಲ ಇಂಟರ್ಜೆಕ್ಷನ್ ಅಲ್ಲ. 'ಸ್ಟಾಪ್!' ಎಂಬುದು ಆಜ್ಞೆ, ಅದು ಕ್ರಿಯಾಪದ. 'ವಾಟ್ ಎ ಬಿಗ್ ಮ್ಯಾಂಗೋ!' ಎಂಬುದು ಇಡೀ ವಾಕ್ಯವೇ ಉದ್ಗಾರ, ಅಲ್ಲಿ ಮುಚ್ಚಲು ಬೇರೆ ಪದವೇ ಇಲ್ಲ. ಇಂಗ್ಲೆಂಡಿನಲ್ಲಿ 2016ರಲ್ಲಿ ಪುಟ್ಟ ಮಕ್ಕಳ ಬರವಣಿಗೆಯ ಮೌಲ್ಯಮಾಪನಕ್ಕೆ ಬಂದ ಸೂಚನೆ ನೆನಪಾಗುತ್ತದೆ. ಉದ್ಗಾರ ವಾಕ್ಯ ಎನಿಸಿಕೊಳ್ಳಬೇಕಾದರೆ ಅದು ವಾಟ್ ಅಥವಾ ಹೌ ಎಂದೇ ಶುರುವಾಗಬೇಕು, ಒಂದು ಕ್ರಿಯಾಪದವೂ ಇರಬೇಕು ಎಂದಿತ್ತು ಅದು. ಅಲ್ಲಿನ ಶಿಕ್ಷಕರು ಬರಹಗಾರರು ಗಲಾಟೆ ಮಾಡಿದರು, ಯಾಕೆಂದರೆ ಹಾಗೆ ಮಾತಾಡುವ ಮಗುವೇ ಊರಲ್ಲಿ ಇರಲಿಲ್ಲ. ಇಂಥ ಭೇದಗಳನ್ನು ನಾವು ತಿಳಿದುಕೊಳ್ಳೋಣ, ಏಳರ ಮಗುವಿನ ತಲೆಗೆ ತುಂಬುವುದು ಬೇಡ.

'ಬ್ಯಾಂಗ್', 'ಸ್ಪ್ಲಾಶ್' ಕೂಡ ತಂಟೆಕೋರ ಪದಗಳು. ಇಂಗ್ಲಿಷಿನ ಹಲವು ಪುಸ್ತಕಗಳು ಅವನ್ನೂ ಇದೇ ಬುಟ್ಟಿಗೆ ಹಾಕುತ್ತವೆ. ಕನ್ನಡ ವ್ಯಾಕರಣ ಇಲ್ಲಿ ಹೆಚ್ಚು ಚುರುಕು. ದಬದಬ, ಪಟಪಟ, ಸರಸರ ಎಂಬುವಕ್ಕೆ 'ಅನುಕರಣಾವ್ಯಯ' ಎಂದು ಬೇರೆ ಮನೆಯನ್ನೇ ಕಟ್ಟಿಕೊಟ್ಟಿದೆ. ಕೊಡ ಬಿದ್ದ ಸದ್ದು ಒಂದು, ಬಿದ್ದದ್ದನ್ನು ನೋಡಿದವರ ಸದ್ದು ಇನ್ನೊಂದು. ಮಕ್ಕಳಿಗೆ ಹೀಗೆ ಹೇಳಿದರೆ ತಟ್ಟನೆ ಹಿಡಿಯುತ್ತಾರೆ: ವಸ್ತು ಮಾಡುವ ಸದ್ದಾ, ಮನಸ್ಸು ಮಾಡುವ ಸದ್ದಾ?

ಯಾರ ಮುಂದೆ ಯಾವುದು ಎಂಬುದನ್ನೂ ಜೊತೆಗೇ ಹೇಳಬೇಕು. ಗೆಳೆಯನನ್ನು 'ಹೇ' ಎಂದು ಕರೆಯಬಹುದು, ಹೆಡ್‌ಮಾಸ್ಟರನ್ನು ಕರೆಯುವಂತಿಲ್ಲ. ನಮ್ಮ 'ಏಯ್' ಗೊತ್ತಿರುವ ಮಗುವಿಗೆ ಇದನ್ನು ಎರಡನೇ ಸಲ ಹೇಳಬೇಕಿಲ್ಲ. ಊಪ್ಸ್ ಕೂಡ ಸಣ್ಣ ತಪ್ಪಿಗೆ ಮಾತ್ರ. ನೀರು ಚೆಲ್ಲಿದರೆ ಊಪ್ಸ್ ಸರಿ. ಬೇರೆಯವರ ತಲೆಗೆ ಪೆಟ್ಟು ಮಾಡಿ ಊಪ್ಸ್ ಎಂದರೆ ಅದು ಉಡಾಫೆ. ಅಲ್ಲಿ ಸಾರಿ ಹೇಳಬೇಕು.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಬೇರೆ ಪಾಠಗಳಿಗೆ ಇದು ತಲೆನೋವು ಎನ್ನುವವರಿದ್ದಾರೆ, ಈ ಪಾಠಕ್ಕಂತೂ ವರ. ಚೀಟಿ ಒಂದೇ. ಒಂದನೇ ಕ್ಲಾಸಿನವರು ಬರೀ ಹೇಳುತ್ತಾರೆ. ಎರಡನೆಯವರು ಬೋರ್ಡಿನ ಮೇಲೆ ಚಿಹ್ನೆ ಹಾಕುತ್ತಾರೆ. ಮೂರನೆಯವರು ಅದರ ಮುಂದೆ ಒಂದು ವಾಕ್ಯ ಸೇರಿಸುತ್ತಾರೆ. ಇಂಟರ್ಜೆಕ್ಷನ್ ಎಂಬ ಹೆಸರನ್ನು ಮೂರನೆಯವರಿಗೆ ಮಾತ್ರ, ಅದೂ ಎಲ್ಲ ಆಟ ಮುಗಿದ ಮೇಲೆ ಹೇಳುತ್ತೇನೆ. ಅಷ್ಟರಲ್ಲಿ ಅವರ ಬಾಯಲ್ಲಿ ಹತ್ತು ಹನ್ನೆರಡು ಇಂಟರ್ಜೆಕ್ಷನ್ ಇರುತ್ತವೆ, ಹೆಸರು ಬರೀ ಡಬ್ಬಿಯ ಮೇಲೆ ಅಂಟಿಸುವ ಚೀಟಿ.

ಉಳಿದಿರುವುದು ನನ್ನ ಹಳೆಯ ವೈರಿ, 'ಅಲಾಸ್'. ವ್ಯಾಕರಣ ಪುಸ್ತಕಗಳಲ್ಲಿ ದುಃಖ ಎಂದರೆ ಅಲಾಸ್. ಈಗಿನ ಇಂಗ್ಲಿಷಿನವರು ಇದನ್ನು ಬರವಣಿಗೆಯಲ್ಲೋ ತಮಾಷೆಗೋ ಬಳಸಬಹುದು, ಮಕ್ಕಳು ಆಟದ ಬಯಲಲ್ಲಿ ಬಳಸುವುದಿಲ್ಲ. ಕನ್ನಡದ ಮಗುವೊಂದು ಬಳಪ ಮುರಿದದ್ದಕ್ಕೆ 'ಅಕ್ಕಟಾ!' ಎಂದರೆ ಹೇಗಿರುತ್ತದೋ ಹಾಗೆ. ಆದರೂ ಪ್ರಶ್ನೆಪತ್ರಿಕೆಯಲ್ಲಿ ಅದು ಬಂದೇ ಬರುತ್ತದೆ, ಹಾಗಾಗಿ ಕಲಿಸುತ್ತೇನೆ. ಹಳೇ ಕಾಲದ ಪದ, ರಾಜರ ಕತೆಯಲ್ಲಿ ಬರುತ್ತದೆ ಎಂದು ಹೇಳಿ ಕಲಿಸುತ್ತೇನೆ.

ಹೋದ ವರ್ಷದ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿ ಎಂದಿತ್ತು: ಒಂದು ಗೆರೆ, ಕೋಲು-ಚುಕ್ಕಿ, 'ಐ ಲಾಸ್ಟ್ ಮೈ ಪೆನ್ಸಿಲ್.' ಕೀ ಉತ್ತರ ಅಲಾಸ್. ಅವಲಕ್ಕಿ ಚೆಲ್ಲಿಕೊಂಡಿದ್ದವಳ ತಂಗಿ ಇಂಗ್ಲಿಷ್ ಅಕ್ಷರಗಳಲ್ಲಿ 'ಅಯ್ಯೋ' ಎಂದು ಬರೆದಿದ್ದಳು. ಎ, ಐ, ವೈ, ಒ. ಪಕ್ಕದ ಕ್ಲಾಸಿನ ಮಿಸ್ ನೋಡಿ ನಕ್ಕು, ಸೊನ್ನೆ ಅಲ್ವಾ ಎಂದರು. ನಾನು ಫೋನ್ ತೆಗೆದು ತೋರಿಸಿದೆ. 2016ರಲ್ಲೇ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಅಯ್ಯೋವನ್ನು ಸೇರಿಸಿಕೊಂಡಿದೆ, ಇದೇ ನಾಲ್ಕಕ್ಷರದ ಸ್ಪೆಲ್ಲಿಂಗಿನಲ್ಲಿ. ಅವರು ಫೋನನ್ನು ಒಮ್ಮೆ, ಉತ್ತರಪತ್ರಿಕೆಯನ್ನು ಒಮ್ಮೆ ನೋಡಿ, 'ಅಯ್ಯೋ ನಿಮ್ಮ' ಎಂದರು. ಅರ್ಧ ಅಂಕವಲ್ಲ, ಪೂರ್ತಿ ಒಂದು ಕೊಟ್ಟೆ.